ಬಾಡಿಗೆ ಮನೆಗೆ ತಂಪು, ಬಿಸಿನೀರು: ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಏಪ್ರಿಲ್ ತಿಂಗಳ ಮಧ್ಯಾಹ್ನ ತುಮಕೂರಿನಲ್ಲಿ ಬಿಸಿಲು 37–38 ಡಿಗ್ರಿ ಮುಟ್ಟುತ್ತದೆ. ಅದೇ ದಿನ ಬೆಳಗಿನ ಜಾವಕ್ಕೆ 22–23ಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಊರುಗಳಿಗೆ ಇರುವ ಅನುಕೂಲ ಇದು. ಕೋಲಾರ, ಚಿಕ್ಕಬಳ್ಳಾಪುರಕ್ಕೂ ಈ ಮಾತು ಸಲ್ಲುತ್ತದೆ. ಹಾಗಿದ್ದೂ ರಾತ್ರಿ ಹತ್ತು ಗಂಟೆಗೆ ಹೊರಗೆ ಜಗಲಿಯ ಮೇಲೆ ತಣ್ಣಗಿರುವಾಗ ಒಳಗೆ ಮಲಗಲಾಗದಷ್ಟು ಧಗೆ ಇರುವುದು ಏಕೆ? ಐದು ಇಂಚಿನ ಕಾಂಕ್ರೀಟ್ ಮೋಲ್ಡು ಹಗಲೆಲ್ಲ ಕುಡಿದ ಕಾವನ್ನು ನಾಲ್ಕೈದು ಗಂಟೆ ತಡವಾಗಿ ಒಳಗೆ ಬಿಡುತ್ತದೆ. ಸೊಳ್ಳೆಗೆ ಹೆದರಿ ಸಂಜೆ ಆರಕ್ಕೇ ಕಿಟಕಿ ಮುಚ್ಚುವುದರಿಂದ ಆ ಕಾವು ಹೊರಗೂ ಹೋಗುವುದಿಲ್ಲ. ಬಾಡಿಗೆ ಮನೆಯನ್ನು ತಂಪು ಮಾಡಲು ಹೊರಟವರು ಮೊದಲು ಈ ಎರಡನ್ನು ಸರಿಪಡಿಸಬೇಕು, ಯಂತ್ರದ ಮಾತು ಆಮೇಲೆ.

ಚಳಿಯ ವಿಷಯ ಬೇರೆ. ಡಿಸೆಂಬರ್–ಜನವರಿಯಲ್ಲಿ ಬೆಳಗ್ಗೆ 15 ಡಿಗ್ರಿ ಆಸುಪಾಸಿಗೆ ಬಂದರೂ ಕೋಣೆ ಬೆಚ್ಚಗೆ ಮಾಡುವ ಹೀಟರ್ ಯಾರಿಗೂ ಬೇಕಿಲ್ಲ, ಕಂಬಳಿ ಸಾಕು. ಇಲ್ಲಿ ಬಿಸಿ ಎಂದರೆ ಸ್ನಾನದ ನೀರು. ಬಾಡಿಗೆಗೆ ಮನೆ ನೋಡಲು ಬಂದವರು ಅಡುಗೆಮನೆ ನೋಡಿದ ಮೇಲೆ ಕೇಳುವ ಮೊದಲ ಪ್ರಶ್ನೆಯೂ ಅದೇ.

ಮುಂದೆ ಕೊಟ್ಟಿರುವ ದರಗಳೆಲ್ಲ ಅಂದಾಜು. ಕರೆಂಟಿಗೆ ತೆರಿಗೆ ಎಲ್ಲ ಸೇರಿ ಯೂನಿಟ್ಟಿಗೆ ಆರೂವರೆ ರೂಪಾಯಿ ಎಂದು ಹಿಡಿದು ಲೆಕ್ಕ ಹಾಕಿದ್ದೇವೆ.

ತಾರಸಿ: ಸುಣ್ಣವೇ, ಕೂಲ್ ರೂಫ್ ಪೇಂಟೇ, ಟೈಲ್ಸೇ?

500–600 ಚದರಡಿಯ ಮೋಲ್ಡ್ ಮನೆಗೆ ನಮ್ಮ ಆಯ್ಕೆ ಬಿಳಿ ಬಣ್ಣ. ಬರೀ ಸಿಮೆಂಟಿನ ತಾರಸಿ ಏಪ್ರಿಲ್ ಮಧ್ಯಾಹ್ನ 60 ಡಿಗ್ರಿಯ ಹತ್ತಿರ ಕಾಯುತ್ತದೆ, ಬರಿಗಾಲಿಡಲಾಗುವುದಿಲ್ಲ. ಒಳ್ಳೆಯ ಬಿಳಿ ಲೇಪನ ಇದ್ದರೆ ಅದೇ ಹೊತ್ತಿಗೆ ಕೈಯಿಟ್ಟು ಕೂರಬಹುದು. ಕೆಳಗಿನ ಕೋಣೆಯಲ್ಲಿ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ಅದು ಹೆಚ್ಚು ಗೊತ್ತಾಗುವುದು ರಾತ್ರಿ ಮಲಗುವಾಗ.

ಸುಣ್ಣ ಎಲ್ಲಕ್ಕಿಂತ ಅಗ್ಗ. 500 ಚದರಡಿಗೆ ಎರಡು ಸಲ ಹೊಡೆಯಲು 10–12 ಕೆಜಿ ಸುಣ್ಣ, ಕೆಜಿಗೆ ನಾಲ್ಕೈದು ಲೀಟರ್ ನೀರು, ಹಿಡಿತಕ್ಕೆ ಒಂದು ಕೆಜಿ ಫೆವಿಕಾಲ್ ಡಿಡಿಎಲ್ ಬೇಕು. ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಸೋಸಿ ಹೊಡೆಯಬೇಕು. ಹರಳು ಸುಣ್ಣವಾದರೆ ನೀರಿಗೆ ಬಿದ್ದಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಕಲಸಬೇಡಿ. ಕೂಲಿ ಸೇರಿ ಎರಡು–ಮೂರು ಸಾವಿರದಲ್ಲಿ ಮುಗಿಯುವ ಕೆಲಸ. ಆದರೆ ಒಂದು ಮಳೆಗಾಲಕ್ಕೆ ಅರ್ಧ ತೊಳೆದುಹೋಗುತ್ತದೆ, ಪ್ರತಿ ಫೆಬ್ರವರಿಯಲ್ಲಿ ಮತ್ತೆ ಹೊಡೆಸಬೇಕು. ಮಾಲೀಕರು ಅದೇ ಊರಿನಲ್ಲಿದ್ದರೆ ಸುಣ್ಣ ಸಾಕು. ಬೆಂಗಳೂರಿನಲ್ಲಿದ್ದುಕೊಂಡು ತುಮಕೂರಿನ ಮನೆ ನೋಡಿಕೊಳ್ಳುವವರಿಗೆ ಪ್ರತಿ ವರ್ಷ ಈ ಕೆಲಸ ನಡೆಯುವುದಿಲ್ಲ.

ಅಂಥವರಿಗೆ ಕೂಲ್ ರೂಫ್ ಪೇಂಟು. ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಕ್ರಿಲಿಕ್ ಲೇಪನವನ್ನೇ ತೆಗೆದುಕೊಂಡರೆ ಸಣ್ಣ ಕೂದಲು ಬಿರುಕುಗಳ ಸೋರಿಕೆಯೂ ನಿಲ್ಲುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಎರಡು ಸಲ ಹೊಡೆದರೆ ಲೀಟರಿಗೆ 20–25 ಚದರಡಿ ಬರುತ್ತದೆ. 600 ಚದರಡಿಗೆ 25–30 ಲೀಟರ್, ಕೂಲಿ ಸೇರಿ 12ರಿಂದ 16 ಸಾವಿರ. ಡಬ್ಬದ ಮೇಲೆ ಎಸ್‌ಆರ್‌ಐ ಎಂಬ ಅಂಕಿ ಇರುತ್ತದೆ, ಬಿಸಿಲಿಗೆ ಲೇಪನ ಎಷ್ಟು ತಂಪಾಗಿ ಉಳಿಯುತ್ತದೆ ಎಂಬುದರ ಅಳತೆ ಅದು. 100ಕ್ಕಿಂತ ಹೆಚ್ಚಿದ್ದರೆ ಮಾತ್ರ ಕೊಳ್ಳಿ. ಬಿಳಿ ಎಂದಾಕ್ಷಣ ಎಲ್ಲ ಪೇಂಟೂ ಕೂಲ್ ಪೇಂಟ್ ಅಲ್ಲ.

ಈ ಪೇಂಟು ಎರಡೇ ವರ್ಷಕ್ಕೆ ಹಪ್ಪಳದಂತೆ ಏಳುವುದಕ್ಕೆ ಸಾಮಾನ್ಯವಾಗಿ ಕಾರಣ ಕೆಲಸದ ರೀತಿ. ಪಾಚಿಯನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ತೊಳೆದು, ಎರಡು ದಿನ ಒಣಗಿಸಬೇಕು. ಬಿರುಕುಗಳನ್ನು ಕ್ರ್ಯಾಕ್ ಫಿಲ್ಲರ್‌ನಿಂದ ತುಂಬಬೇಕು. ನೀರು ನಿಲ್ಲುವ ತಗ್ಗು ಇದ್ದರೆ ಮೊದಲು ಅಲ್ಲಿ ಇಳಿಜಾರು ಸರಿಮಾಡಿಸಿ. ನಿಂತ ನೀರಿನಡಿ ಯಾವ ಲೇಪನವೂ ನಿಲ್ಲುವುದಿಲ್ಲ. ಕಾದ ಮೋಲ್ಡಿನ ಮೇಲೆ ಮಧ್ಯಾಹ್ನ ಹೊಡೆದರೆ ಪೇಂಟು ಮೇಲ್ಗಡೆ ಒಣಗಿಬಿಡುತ್ತದೆ, ಕೆಳಗೆ ಕಚ್ಚಿಕೊಳ್ಳುವುದಿಲ್ಲ. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೊಡೆಸಿ. ಎರಡನೇ ಕೋಟು ಮೊದಲನೆಯದಕ್ಕೆ ಅಡ್ಡಡ್ಡ ಬರಲಿ, ಪ್ಯಾರಾಪೆಟ್ ಗೋಡೆಯ ಮೇಲೆ ಒಂದಡಿ ಹತ್ತಲಿ. ರಸ್ತೆ ಧೂಳಿಗೆ ಬಿಳಿ ಮಾಸಿದಷ್ಟೂ ತಂಪು ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ತೊಳೆಸಿ.

ಬಿಳಿ ಟೈಲ್ಸ್ ಚೂರು ಕೂರಿಸುವುದು ಬಹಳ ವರ್ಷ ಬಾಳುತ್ತದೆ, ಆದರೆ ಖರ್ಚು ನಾಲ್ಕೈದು ಪಟ್ಟು. ಗಾರೆಯ ಭಾರವೂ ಮೋಲ್ಡಿನ ಮೇಲೆ ಬೀಳುತ್ತದೆ. ಹಳೆಯ ಮನೆಗೆ ಬೇಡ. ನರ್ಸರಿಗಳಿಗೆ ಹಾಕುವ ಹಸಿರು ನೆರಳು ಪರದೆ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ತಾರಸಿಗಿಂತ ಏಳಡಿ ಎತ್ತರದಲ್ಲಿ ಕಟ್ಟಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಹರಿಯುತ್ತದೆ. ಯಾರಾದರೂ ನೋಡಿಕೊಳ್ಳುವವರಿದ್ದರೆ ಮಾತ್ರ ಹಾಕಿ.

ಶೀಟ್ ಮನೆಗೆ ಲೆಕ್ಕ ಬೇರೆ. ಶೀಟು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಹಾಗಾಗಿ ಅಲ್ಲಿ ಹಗಲಿನ ಝಳವೇ ತೊಂದರೆ. ಮೇಲೆ ಬಿಳಿ ಬಣ್ಣ ಹೊಡೆಸಿ, ಕೆಳಗೆ ಕನಿಷ್ಠ ಆರು ಇಂಚು ಸಂದು ಬಿಟ್ಟು ಸೀಲಿಂಗ್ ಕೊಡಿಸಿ, ಸಂದಿನ ಎರಡೂ ತುದಿಯಲ್ಲಿ ಗಾಳಿ ಆಡಲು ಜಾಲರಿ ಬಿಡಿಸಿ. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅವನ್ನು ಒಣಗಿದ್ದಾಗ ಉಜ್ಜುವುದು, ಕೊರೆಯುವುದು ಶ್ವಾಸಕೋಶಕ್ಕೆ ಅಪಾಯ.

ಜಾಲರಿ ಮತ್ತು ಫ್ಯಾನು

ಇದು ಸಣ್ಣ ಖರ್ಚು ಎಂದು ಬಿಟ್ಟುಬಿಡುವವರೇ ಹೆಚ್ಚು. ಎದುರುಬದುರಿನ ಎರಡು ಕಿಟಕಿಗೆ ಸೊಳ್ಳೆ ಜಾಲರಿ ಇದ್ದರೆ ರಾತ್ರಿಯಿಡೀ 23 ಡಿಗ್ರಿಯ ಗಾಳಿ ಪುಕ್ಕಟೆ ಒಳಗೆ ಬರುತ್ತದೆ. ಅಂಟಿಸುವ ವೆಲ್ಕ್ರೋ ಜಾಲರಿ ಅಗ್ಗ, ಆದರೆ ಬಾಡಿಗೆ ಮನೆಯಲ್ಲಿ ವರ್ಷಕ್ಕೆ ಕಿತ್ತುಬರುತ್ತದೆ. ಅಲ್ಯೂಮಿನಿಯಂ ಚೌಕಟ್ಟಿನದು ಹಾಕಿಸಿ. ಒಂದೇ ಕಿಟಕಿಯ ಕೋಣೆಯಾದರೆ ಎದುರು ಗೋಡೆಯಲ್ಲಿ ಮೇಲ್ಗಡೆ ಒಂದು 9 ಅಥವಾ 12 ಇಂಚಿನ ಎಕ್ಸಾಸ್ಟ್ ಫ್ಯಾನು ಕೂರಿಸಿ, ಬಿಸಿಗಾಳಿ ನಿಲ್ಲುವುದು ಅಲ್ಲೇ.

ಸೀಲಿಂಗ್ ಫ್ಯಾನಿನಲ್ಲಿ ಹಳೆಯದು 75 ವ್ಯಾಟ್, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಸುಮಾರು 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಯುಪಿಎಸ್ ಇದ್ದವರಿಗೆ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಎರಡು ಎಚ್ಚರಿಕೆಗಳಿವೆ. ರಿಮೋಟಿನಿಂದಲೇ ನಡೆಯುವ ಮಾದರಿ ಬೇಡ, ಮನೆ ಖಾಲಿ ಮಾಡುವಾಗ ರಿಮೋಟು ಉಳಿದಿರುವುದಿಲ್ಲ. ಹಳೆಯ ರೆಗ್ಯುಲೇಟರನ್ನು ಬೈಪಾಸ್ ಮಾಡದೆ ಬಿಎಲ್‌ಡಿಸಿ ಹಾಕಿದರೆ ಒಳಗಿನ ಬೋರ್ಡು ಸುಡಬಹುದು.

ಮೀಟರ್ ಲೆಕ್ಕ ಮೊದಲು, ಎಸಿ ಆಮೇಲೆ

ಗೃಹಜ್ಯೋತಿ ಬಂದ ಮೇಲೆ ಎಸಿಯ ಖರ್ಚನ್ನು ಯೂನಿಟ್ ಗುಣಿಸಿ ನೋಡಿದರೆ ಸಾಲದು. 2023ರಿಂದ ಜಾರಿಯಲ್ಲಿರುವ ಯೋಜನೆಯಂತೆ ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ ನಿಗದಿಯಾಗುತ್ತದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆದಾರರಿಗೂ ಈ ಸೌಲಭ್ಯ ಇದೆ.

ನಾಲ್ಕು ಜನರ ಸಂಸಾರಕ್ಕೆ ಫ್ರಿಜ್ಜು, ಫ್ಯಾನು, ಟಿವಿ, ದೀಪ ಸೇರಿ 90–100 ಯೂನಿಟ್, ಗೀಸರ್ 55 ಎಂದು ಹಿಡಿಯಿರಿ. ಬೇಸಿಗೆಯಲ್ಲಿ ಒಂದು ಟನ್ನಿನ ಎಸಿ ರಾತ್ರಿ ಎಂಟು ಗಂಟೆ ಓಡಿದರೆ ಐದು ಯೂನಿಟ್, ತಿಂಗಳಿಗೆ 150. ಒಟ್ಟು 300 ಆಯಿತು. ಎಸಿ ಇಲ್ಲದಿದ್ದರೆ ಸೊನ್ನೆಯೋ ಒಂದಿನ್ನೂರೋ ಬರುತ್ತಿದ್ದ ಬಿಲ್ಲು ಈಗ ಸುಮಾರು 2,000. ಅಂದರೆ ಎಸಿಯ ಪ್ರತಿ ಯೂನಿಟ್ಟಿಗೆ ಬಾಡಿಗೆದಾರರು ಕೊಟ್ಟದ್ದು 12–13 ರೂಪಾಯಿ. "ಎಸಿ ಹಾಕಿದ್ದೇವೆ, ಬಾಡಿಗೆ ಒಂದೂವರೆ ಸಾವಿರ ಹೆಚ್ಚು" ಎಂದು ಹೇಳುವ ಮುಂಚೆ ಮಾಲೀಕರು ಈ ಲೆಕ್ಕ ಹಾಕಬೇಕು. ಬಾಡಿಗೆದಾರರಂತೂ ಹಾಕಿಯೇ ಹಾಕುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಒಂದೇ ಆರ್‌ಆರ್ ನಂಬರಿನಡಿ, ಅಂದರೆ ಒಂದೇ ಕರೆಂಟ್ ಸಂಪರ್ಕದಲ್ಲಿ, ಮೂರು ಮನೆಗೆ ಸಬ್‌ಮೀಟರ್ ಇಟ್ಟಿರುವುದು. ಅಲ್ಲಿ ಮೂವರ ಬಳಕೆಯೂ ಕೂಡಿ 200 ದಾಟುತ್ತದೆ, ಯಾರಿಗೂ ಸೌಲಭ್ಯ ಸಿಗುವುದಿಲ್ಲ. ಅಂಥ ಕಟ್ಟಡದಲ್ಲಿ ಎಸಿ, ಗೀಸರ್ ಎನ್ನುವ ಮುಂಚೆ ಮನೆಗೊಂದು ಮೀಟರ್ ಮಾಡಿಸಿಕೊಡುವುದೇ ಬಾಡಿಗೆದಾರರಿಗೆ ಮಾಡುವ ದೊಡ್ಡ ಉಪಕಾರ. ಕಟ್ಟಡದ ಕಾಗದಪತ್ರ ಏನೇನು ಬೇಕು ಎಂದು ಬೆಸ್ಕಾಂ ಉಪವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.

ಕೂಲರೋ, ಎಸಿಯೋ?

ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ತುಮಕೂರಿನ ಮಧ್ಯಾಹ್ನದ ಗಾಳಿ ಒಣ. 37 ಡಿಗ್ರಿ, ತೇವಾಂಶ 25 ಪರ್ಸೆಂಟ್ ಇದ್ದಾಗ ಒಳ್ಳೆಯ ಕೂಲರ್ 26–28 ಡಿಗ್ರಿಯ ಗಾಳಿ ಕೊಡುತ್ತದೆ, ಅದೂ ಬರೀ 150–200 ವ್ಯಾಟಿನಲ್ಲಿ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ನಿದ್ದೆ ಮಾಡುವವರಿಗೆ ಕೂಲರೇ ಸರಿ. ಅವರಿಗೆ ತಂಪು ಬೇಕಾಗುವುದೂ ಗಾಳಿ ಅತಿ ಒಣಗಿರುವುದೂ ಒಂದೇ ಹೊತ್ತು. ಮಳೆ ಶುರುವಾದ ಮೇಲೆ ಕೂಲರ್ ಕೆಲಸಕ್ಕೆ ಬಾರದು, ಆದರೆ ಆಗ ಬೇಕಾಗುವುದೂ ಇಲ್ಲ.

ಅಳತೆ ಸುಲಭ. ಕೋಣೆಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ ಎರಡರಿಂದ ಭಾಗಿಸಿದರೆ ಬೇಕಾದ ಸಿಎಫ್‌ಎಂ, ಅಂದರೆ ಕೂಲರ್ ನಿಮಿಷಕ್ಕೆ ತಳ್ಳಬೇಕಾದ ಗಾಳಿಯ ಘನ ಅಡಿ, ಸಿಗುತ್ತದೆ. 10×12ರ, ಹತ್ತಡಿ ಎತ್ತರದ ಕೋಣೆಗೆ 600. ಕೂಲರನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟು ಎದುರಿನ ಕಿಟಕಿಯೋ ಬಾಗಿಲೋ ಒಂದು ಗೇಣು ತೆರೆದಿರಬೇಕು. ಎಲ್ಲ ಮುಚ್ಚಿಕೊಂಡು ಕೂಲರ್ ಹಾಕಿದರೆ ಅರ್ಧ ಗಂಟೆಗೆ ಮೈ ಅಂಟಂಟು.

ನೀರಿನ ಖರ್ಚು ಮರೆಯಬೇಡಿ. ಗಂಟೆಗೆ ಐದರಿಂದ ಹತ್ತು ಲೀಟರ್ ಹೋಗುತ್ತದೆ. ಟ್ಯಾಂಕರಿನಲ್ಲಿ ನೀರು ಕೊಳ್ಳುವ ಬಡಾವಣೆಯಲ್ಲಿ ಇದು ಸಣ್ಣ ವಿಷಯವಲ್ಲ. ಶಿರಾ, ಮಧುಗಿರಿ, ಪಾವಗಡ ಕಡೆಯ ಗಡಸು ಬೋರ್ ನೀರಿನಲ್ಲಿ ಕೂಲರಿನ ಹನಿಕೋಂಬ್ (ಜೇನುಗೂಡಿನಂಥ) ಪ್ಯಾಡಿನ ಮೇಲೆ ಬಿಳಿ ಪೊರೆ ಕಟ್ಟಿ ಒಂದೇ ಬೇಸಿಗೆಗೆ ಗಾಳಿ ನಿಲ್ಲುತ್ತದೆ. ತೊಟ್ಟಿಯ ನೀರು ಆವಿಯಾದಷ್ಟೂ ಉಪ್ಪು ಗಟ್ಟಿಯಾಗುವುದರಿಂದ ಎರಡು ದಿನಕ್ಕೊಮ್ಮೆ ಪೂರ್ತಿ ಬರಿದು ಮಾಡಬೇಕು. ವಾರಗಟ್ಟಲೆ ನಿಂತ ನೀರು ಡೆಂಗಿ ಸೊಳ್ಳೆಗೂ ತವರು. ಮಾಲೀಕರು ಕೂಲರ್ ಕೊಡಿಸಬೇಕಿಲ್ಲ. ಕಿಟಕಿಯ ಪಕ್ಕ ಒಂದು ಸಾಕೆಟ್, ನೀರು ತುಂಬಲು ಹತ್ತಿರದಲ್ಲೊಂದು ನಲ್ಲಿ ಇದ್ದರೆ ಸಾಕು.

ಎಸಿ ಹಾಕಲೇಬೇಕು ಎಂದರೆ ಒಂದು ಟನ್ನಿನ 3 ಸ್ಟಾರ್ ಇನ್ವರ್ಟರ್, ತಾಮ್ರದ ಕಾಯಿಲಿನದು. 5 ಸ್ಟಾರಿಗೆ ಆರೇಳು ಸಾವಿರ ಹೆಚ್ಚು ಕೊಟ್ಟರೆ ರಾತ್ರಿಗೆ ಒಂದು ಯೂನಿಟ್ ಉಳಿಯಬಹುದು. ನಮ್ಮ ಬೇಸಿಗೆಗೆ ಎಸಿ ಓಡುವುದು ಹೆಚ್ಚೆಂದರೆ 75 ರಾತ್ರಿ, ವರ್ಷಕ್ಕೆ 500 ರೂಪಾಯಿಯೂ ಉಳಿಯುವುದಿಲ್ಲ. ಕರಾವಳಿಗೆ ಸರಿಹೋಗುವ ಸಲಹೆ ಇಲ್ಲಿಗೆ ಹೊಂದುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಹಳೆಯ ಕೊಟೇಶನ್ ಹಿಡಿದು ಹೋಗಬೇಡಿ. ಸುಡುವ ಮೋಲ್ಡಿನ ಕೆಳಗೆ ಒಂದು ಟನ್ ಸಾಲದು ಎಂದು ಅಂಗಡಿಯವರು ಒಂದೂವರೆ ಟನ್ ತೋರಿಸುತ್ತಾರೆ. ಆ ವ್ಯತ್ಯಾಸದ ದುಡ್ಡನ್ನು ತಾರಸಿಗೆ ಹಾಕಿದರೆ ಒಂದು ಟನ್ನೇ ಸಾಕಾಗುತ್ತದೆ.

ನಮಗೆ ಮೆಚ್ಚುಗೆಯಾದ ದಾರಿ ಇನ್ನೊಂದಿದೆ. ಮಾಲೀಕರು ಎಸಿಗೆ ಬೇಕಾದ ಲೈನ್ ಮಾತ್ರ ಮಾಡಿಸಿಡುವುದು. ಮೀಟರ್ ಬೋರ್ಡಿನಿಂದ ನೇರ 4 ಚದರ ಮಿಲಿಮೀಟರಿನ ತಾಮ್ರದ ವೈರು, 20 ಆಂಪಿಯರಿನ ಸಿ ಕರ್ವ್ ಎಂಸಿಬಿ, ಸರಿಯಾದ ಅರ್ಥಿಂಗು, ಗೋಡೆಯಲ್ಲಿ ಹೊರಕ್ಕೆ ಸ್ವಲ್ಪ ಇಳಿಜಾರಾದ ಎರಡೂವರೆ ಇಂಚಿನ ತೂತು, ಅದಕ್ಕೆ ಮುಚ್ಚಳ. ಯಂತ್ರ ಬಾಡಿಗೆದಾರರದು, ಹೋಗುವಾಗ ಅವರೇ ಬಿಚ್ಚಿಕೊಂಡು ಹೋಗುತ್ತಾರೆ. ಬಂದವರೆಲ್ಲ ಹೊಸ ತೂತು ಕೊರೆದು ಗೋಡೆ ಹಾಳಾಗುವುದು ಇದರಿಂದ ತಪ್ಪುತ್ತದೆ. ಊರಾಚೆ ಬಡಾವಣೆಗಳಲ್ಲಿ ಸಂಜೆ ಏಳರಿಂದ ಒಂಬತ್ತರ ನಡುವೆ ವೋಲ್ಟೇಜ್ ಅಳೆಸಿ ನೋಡಿ. ಎಸಿಯ ಮೇಲೆ ಬರೆದಿರುವ ಮಿತಿಗಿಂತ ಕೆಳಗಿದ್ದರೆ ಸ್ಟೆಬಿಲೈಸರ್ ಬೇಕೇ ಬೇಕು.

ಬಿಸಿನೀರು

ಮೊದಲು ಎಷ್ಟು ಬೇಕು ಎಂದು ನೋಡೋಣ. ಒಬ್ಬರಿಗೆ 20 ಲೀಟರಿನ ಒಂದು ಬಕೆಟ್, ಸುಮಾರು 42 ಡಿಗ್ರಿ. ಸಿಂಟೆಕ್ಸಿನ ನೀರು 22 ಡಿಗ್ರಿ ಇದ್ದರೆ ಒಂದು ಬಕೆಟ್ಟಿಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಕರೆಂಟು ಹೋಗುತ್ತದೆ.

15 ಲೀಟರಿನ ಗೀಸರ್ 60 ಡಿಗ್ರಿಗೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಆಗುತ್ತದೆ. ಕಾಯಲು 20 ನಿಮಿಷ. 25 ಲೀಟರಿನದು ಎರಡೂಕಾಲರಿಂದ ಎರಡೂವರೆ ಬಕೆಟ್, 35 ನಿಮಿಷ. ಗಂಡ ಹೆಂಡತಿ ಇಬ್ಬರೇ ಇದ್ದರೆ 15, ಮಕ್ಕಳಿದ್ದರೆ 25 ತೆಗೆದುಕೊಳ್ಳಿ. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅಗ್ಗ, ಆದರೆ 3 ಕಿಲೋವ್ಯಾಟ್ ಎಳೆಯುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಬಕೆಟ್ ತುಂಬಲು ಒಂಬತ್ತು–ಹತ್ತು ನಿಮಿಷ. ನಲ್ಲಿ ಜೋರಾಗಿ ಬಿಟ್ಟರೆ ಉಗುರುಬೆಚ್ಚಗಿನ ನೀರು. ಮಂಜೂರಾದ ಲೋಡು 1 ಅಥವಾ 2 ಕಿಲೋವ್ಯಾಟ್ ಇರುವ ಹಳೆಯ ಮನೆಯಲ್ಲಿ ಇದು ವೈರನ್ನು ಕಾಯಿಸುತ್ತದೆ. ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ವಿದ್ಯಾರ್ಥಿಗಳಿಗೆ ಕೊಡುವ ಒಂಟಿ ಕೋಣೆಗೆ, ಅದೂ ವೈರಿಂಗ್ ಹೊಸದಿದ್ದರೆ, ಅಡ್ಡಿಯಿಲ್ಲ.

ಗೀಸರ್ ಕೊಳ್ಳುವಾಗ 8 ಬಾರ್ ಒತ್ತಡದ ಟ್ಯಾಂಕ್ ಎಂದು ಹೆಚ್ಚು ದುಡ್ಡು ಕೇಳುತ್ತಾರೆ. ತಾರಸಿಯ ಸಿಂಟೆಕ್ಸಿನಿಂದ ನೀರು ಇಳಿಯುವ ಎರಡಂತಸ್ತಿನ ಮನೆಗೆ ಆ ಬಲ ಬೇಕಿಲ್ಲ. ಬೇಕಿರುವುದು ಗಾಜಿನ ಲೇಪನದ ಟ್ಯಾಂಕು ಮತ್ತು ಮೆಗ್ನೀಷಿಯಂ ಸರಳು. ಗಡಸು ನೀರು ಟ್ಯಾಂಕಿನ ಬದಲು ಈ ಸರಳನ್ನು ತಿನ್ನುತ್ತದೆ. ಸರಳು ಸವೆದ ಮೇಲೆ ಟ್ಯಾಂಕಿಗೆ ಬಾಯಿ ಹಾಕುತ್ತದೆ. ತುಮಕೂರು ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುವ ಮನೆಗಳಿಗೆ ಎರಡು ವರ್ಷಕ್ಕೊಮ್ಮೆ ನೋಡಿದರೆ ನಡೆದೀತು. ಬೋರ್ ನೀರಾದರೆ ವರ್ಷಕ್ಕೊಮ್ಮೆ ಬಿಚ್ಚಿಸಿ ಎಲಿಮೆಂಟಿನ ಪೊರೆ ತೆಗೆಸಿ, ಸರಳು ಬದಲಿಸಿ. ಕಾಯುವಾಗ ಒಳಗಿಂದ ಚಟಚಟ ಸದ್ದು ಬಂದರೆ ಪೊರೆ ದಪ್ಪವಾಗಿದೆ ಎಂದರ್ಥ. ಥರ್ಮೋಸ್ಟಾಟನ್ನು 55ಕ್ಕೆ ಇಳಿಸಿಟ್ಟರೆ ಪೊರೆ ಕಟ್ಟುವುದೇ ಕಡಿಮೆ.

ಗೀಸರ್ ಕೊಡದ ಮನೆಯಲ್ಲಿ ಬಾಡಿಗೆದಾರರು ನೀರು ಕಾಯಿಸುವ ರಾಡ್ ತರುತ್ತಾರೆ. ಸಡಿಲವಾದ ಸಾಕೆಟ್, ಒದ್ದೆ ನೆಲ, ಕಬ್ಬಿಣದ ಬಕೆಟ್, ಇಲ್ಲದ ಅರ್ಥಿಂಗು ಒಟ್ಟಿಗೆ ಸೇರುತ್ತವೆ. ಜೀವ ಹೋಗಿರುವ ಸುದ್ದಿಗಳನ್ನು ಎಲ್ಲರೂ ಓದಿದ್ದೇವೆ. ಗೀಸರ್ ಕೊಡಿ ಬಿಡಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚನ್ನು ಮಾತ್ರ ಹಾಕಿಸಲೇಬೇಕು, ಅರ್ಥಿಂಗನ್ನು ಅಳತೆ ಮಾಡಿಸಲೇಬೇಕು. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಯಾವ ಕಾರಣಕ್ಕೂ ಕೂರಿಸಬೇಡಿ. ಮುಚ್ಚಿದ ಬಾತ್‌ರೂಮಿನಲ್ಲಿ ಉರಿ ಉಂಟುಮಾಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಸುತ್ತುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬಾಡಿಗೆ ಮನೆಗೆ ಅದು ಬೇಡವೇ ಬೇಡ.

ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ತೆಂಗಿನ ಮಟ್ಟೆ, ಗರಿ, ಚಿಪ್ಪು ತೋಟದಲ್ಲೇ ಬೀಳುತ್ತವೆ. ಹಿತ್ತಿಲಲ್ಲಿ ಬೇರೆ ಬಚ್ಚಲು ಇರುವ ಒಂಟಿ ಮನೆಗೆ ಹೊಗೆ ಕೊಳವೆ ಇರುವ ಹಂಡೆ ಒಲೆ ಈಗಲೂ ಒಳ್ಳೆಯ ಆಯ್ಕೆ. ಮಹಡಿ ಮನೆಗೆ ಆಗದು.

ಸೋಲಾರ್ ವಾಟರ್ ಹೀಟರಿನಲ್ಲಿ ಎರಡು ಬಗೆ. ಗಾಜಿನ ಕೊಳವೆಯ ಇಟಿಸಿ, ಚಪ್ಪಟೆ ಫಲಕದ ಎಫ್‌ಪಿಸಿ. ಎಫ್‌ಪಿಸಿ ಗಟ್ಟಿಮುಟ್ಟು, ಆದರೆ ಅದರ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಕಟ್ಟಿಕೊಳ್ಳುತ್ತವೆ. ಬೋರ್ ನೀರಿನ ಊರಿಗೆ ಇಟಿಸಿಯೇ ಲೇಸು. 100 ಲೀಟರಿನದು 18–25 ಸಾವಿರ, ನಾಲ್ಕು ಜನಕ್ಕೆ ಸಾಕು. ಕರೆಂಟ್ ಗೀಸರಿನ ಆ 55 ಯೂನಿಟ್ ಬಹುಪಾಲು ತಿಂಗಳು ಉಳಿಯುತ್ತದೆ. ಆಷಾಢದ ಮೋಡಕ್ಕೆ ಒಳಗಿನ ಹೀಟರ್ ಬೇಕಾಗುತ್ತದೆ.

ಕೊಳ್ಳುವ ಮುಂಚೆ ತಾರಸಿ ಹತ್ತಿ ಸಿಂಟೆಕ್ಸಿನ ಎತ್ತರ ನೋಡಿ. ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಸಿಂಟೆಕ್ಸಿನ ತಳ ಮೇಲಿರಬೇಕು, ಅಂದರೆ ಏಳೆಂಟು ಅಡಿಯ ಸ್ಟ್ಯಾಂಡು. ಅದಿಲ್ಲದಿದ್ದರೆ ಸ್ಟ್ಯಾಂಡಿನ ಖರ್ಚೂ ಸೇರಿಸಿ. ಗಾಳಿ ಕೊಳವೆ ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಹೋಗಿ ತೆರೆದೇ ಇರಬೇಕು. ನೀರು ಚಿಮ್ಮುತ್ತದೆ ಎಂದು ಪ್ಲಂಬರ್ ಅದಕ್ಕೆ ಮುಚ್ಚಳ ಹಾಕಿದರೆ ನೀರು ಖಾಲಿಯಾಗುವಾಗ ಟ್ಯಾಂಕು ಒಳಕ್ಕೆ ನುಗ್ಗಾಗುತ್ತದೆ. ಬಿಸಿನೀರಿನ ಲೈನಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪು ಮಾತ್ರ, ಮಾಮೂಲಿ ಪಿವಿಸಿ ಬಾಗಿಬಿಡುತ್ತದೆ. 30 ಅಡಿ ಮುಕ್ಕಾಲಿಂಚಿನ ಪೈಪಿನಲ್ಲಿ ಎರಡೂವರೆ ಲೀಟರ್ ತಣ್ಣೀರು ಕೂತಿರುತ್ತದೆ, ಬಿಸಿ ಬರುವವರೆಗೆ ಅದು ಪ್ರತಿ ಸಲ ಪೋಲು. ಹಾಗಾಗಿ ಅರ್ಧ ಇಂಚಿನ ಪೈಪು, ಹತ್ತಿರದ ದಾರಿ, ಮೇಲೆ ಇನ್ಸುಲೇಶನ್. ನೀರಿನ ಅಭಾವದ ಊರಿನವರು ಇನ್ನೊಂದನ್ನು ನೆನಪಿಡಬೇಕು: ಸಿಂಟೆಕ್ಸ್ ಬರಿದಾಗಿ ಒಣಗಿ ಕಾದ ಗಾಜಿನ ಕೊಳವೆಗೆ ಮಧ್ಯಾಹ್ನ ಟ್ಯಾಂಕರ್ ನೀರು ಬಿಟ್ಟರೆ ಕೊಳವೆ ಒಡೆಯುತ್ತದೆ. ಅಂಥ ದಿನ ಸೋಲಾರಿನ ವಾಲ್ವ್ ಮುಚ್ಚಿ, ಮರುದಿನ ಸೂರ್ಯ ಹುಟ್ಟುವ ಮುಂಚೆ ತುಂಬಿ.

ಮೂರು ಮನೆಗೆ ಒಂದೇ 300 ಲೀಟರಿನ ಸೋಲಾರ್ ಹಾಕುವುದು ಕಾಗದದ ಮೇಲೆ ಅಗ್ಗ. ಬೆಳಗ್ಗೆ ಐದಕ್ಕೆ ಎದ್ದವರು ಬಟ್ಟೆ ಒಗೆಯುವುದಕ್ಕೂ ಅದನ್ನೇ ಬಿಟ್ಟುಕೊಂಡರೆ ಏಳಕ್ಕೆ ಎದ್ದವರಿಗೆ ತಣ್ಣೀರು, ಆಮೇಲೆ ಮಾಲೀಕರಿಗೆ ಫೋನು. ಮನೆಗೊಂದು 100 ಲೀಟರಿನದು ಹಾಕಿಸಿ, ತಾರಸಿಯಲ್ಲಿ ಜಾಗ ಸಾಲದಿದ್ದರೆ ಮನೆಗೊಂದು ಗೀಸರ್.

ಕರಾರಿನಲ್ಲಿ ಏನು ಬರೆಯಬೇಕು

40 ಸಾವಿರ ಇಟ್ಟುಕೊಂಡು ಕೂತವರಿಗೆ ನಾವು ಹೇಳುವುದು: ಆರ್‌ಸಿಸಿಬಿ, ಅರ್ಥಿಂಗು, ಜಾಲರಿಗೆ 10, ತಾರಸಿಗೆ 14, 25 ಲೀಟರಿನ ಗೀಸರಿಗೆ 9, ಮಿಕ್ಕಿದ್ದರಲ್ಲಿ ಎರಡು ಫ್ಯಾನು. ತಾರಸಿಯ ಕೆಲಸ ಫೆಬ್ರವರಿಯಲ್ಲೇ ಆಗಲಿ. ಯುಗಾದಿಯ ಹೊತ್ತಿಗೆ ಪೇಂಟರುಗಳು ಸಿಗುವುದಿಲ್ಲ, ಮೇ ತಿಂಗಳಲ್ಲಿ ಮಳೆಯ ನಂಬಿಕೆಯಿಲ್ಲ.

ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಗೀಸರಿನ ಸೀರಿಯಲ್ ನಂಬರು, ಹಾಕಿದ ತಾರೀಕು, ವರ್ಷದ ಸರ್ವಿಸ್ ಯಾರ ಖರ್ಚು ಎಂಬುದು ಇರಲಿ. ಎಲಿಮೆಂಟು, ಸರಳು ಮಾಲೀಕರದು, ಒಡೆದ ನಾಬು, ಕಳೆದ ರಿಮೋಟು ಬಾಡಿಗೆದಾರರದು ಎಂದು ಬಿಡಿಸಿ ಬರೆಯಿರಿ. ತಾರಸಿಯ ಬಿಳಿ ಲೇಪನದ ಮೇಲೆ ಒಲೆ ಹೂಡುವುದು, ಕಬ್ಬಿಣದ ಮಂಚ ಎಳೆದಾಡುವುದು ಬೇಡ ಎಂಬ ಸಾಲೂ ಇರಲಿ. ಎಸಿ ತರುವ ಬಾಡಿಗೆದಾರರು ಲೋಡ್ ಹೆಚ್ಚಿಸಿಕೊಂಡರೆ ತಿಂಗಳ ನಿಗದಿತ ಶುಲ್ಕ ಕಿಲೋವ್ಯಾಟಿಗೆ ಇಷ್ಟೆಂದು ಏರುತ್ತದೆ, ಅವರು ಬಿಟ್ಟುಹೋದ ಮೇಲೂ ಅದು ಆ ಮೀಟರಿನ ಮೇಲೆಯೇ ಉಳಿಯುತ್ತದೆ. ಅದನ್ನು ಯಾರು ಕಟ್ಟುವುದು, ಯಾರು ಇಳಿಸಿಕೊಡುವುದು ಎಂಬುದನ್ನು ಅಡ್ವಾನ್ಸ್ ಕೈಸೇರುವ ಮುಂಚೆಯೇ ಮಾತಾಡಿ ಬರೆದಿಟ್ಟುಕೊಳ್ಳಿ.